ಅಲ್ಪದಲ್ಲಿ ತೃಪ್ತಿ

ನಮಗೆ ಪ್ರಿಯವಾದವುಗಳನ್ನು ಎಣಿಸಹೊರಟರೆ ಬಹುಪಾಲು ಅಗ್ಗದವೇ: ಬಿಸಿ ಗಂಜಿ, ಅದಕ್ಕೊಂದು ಉಪ್ಪಿನಕಾಯಿಯ ಹೋಳು, ಮೊದಲ ಮಳೆಯ ಮಣ್ಣಿನ ವಾಸನೆ, ಸಂಜೆ ಜಗಲಿಯಲ್ಲಿ ನೆರೆಯವರೊಡನೆ ನಾಲ್ಕು ಮಾತು. ಆದರೂ ಸುಖವನ್ನು ನಾವು ಅಂಗಡಿಗಳಲ್ಲಿ ಅರಸುತ್ತೇವೆ.

ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್ (ಕ್ರಿ.ಪೂ. 341-270) ಭೋಗವಾದಿಯೆಂದೇ ಅಪಖ್ಯಾತಿ ಪಡೆದವನು. ಸುಖವೇ ಬಾಳಿನ ಗುರಿಯೆಂದು ಆತ ಬೋಧಿಸಿದ್ದು ನಿಜ. ಆದರೆ ದೇಹಕ್ಕೆ ನೋವಿಲ್ಲದಿರುವುದು, ಮನಸ್ಸಿಗೆ ಕಳವಳವಿಲ್ಲದಿರುವುದು, ಇದೇ ಆತ ಹೇಳಿದ ಸುಖ. ಅಥೆನ್ಸಿನ ತನ್ನ ತೋಟದಲ್ಲಿ ಆತ ಸಾದಾ ರೊಟ್ಟಿಯಲ್ಲೇ ತೃಪ್ತನಾಗಿದ್ದನು. ಒಂದಿಷ್ಟು ಚೀಸ್ ಕಳುಹಿಸಿದರೆ ಬೇಕೆನಿಸಿದಾಗ ಹಬ್ಬದೂಟ ಮಾಡುವೆನೆಂದು ಗೆಳೆಯನಿಗೆ ಬರೆದಿದ್ದನಂತೆ. ಆ ತೋಟದಲ್ಲಿ ಸ್ತ್ರೀಯರಿಗೂ ಗುಲಾಮರಿಗೂ ಪ್ರವೇಶವಿತ್ತು. ಮರಣಶಾಸನದಲ್ಲಿ ಆತ ನಾಲ್ವರು ಗುಲಾಮರಿಗೆ ಬಿಡುಗಡೆ ನೀಡಿದನು; ತೀರಿಕೊಂಡ ಮಿತ್ರನ ಮಕ್ಕಳ ಪಾಲನೆಗೆ ವ್ಯವಸ್ಥೆ ಮಾಡಿದನು.

ದೇವರು ಮನುಷ್ಯರ ಗೊಡವೆಗೆ ಬಾರನೆಂಬ ಆತನ ಮತವನ್ನು ನಾವು ಒಪ್ಪಲಾರೆವು. ಆದರೆ ಆತನ ಬಾಳಿನಿಂದ ಕಲಿಯಬೇಕಾದದ್ದು ಇದೆ. ಅಲ್ಪದಲ್ಲಿ ತೃಪ್ತನಾದವನ ಕೈಯಲ್ಲಿ ಪರರಿಗೆಂದು ಏನಾದರೂ ಉಳಿದಿರುತ್ತದೆ. ಸಾಲ ಮಾಡಿ ಮದುವೆಯ ಔತಣ ನಡೆಸುವ ಮನೆಯಲ್ಲಿ ಕೆಲಸದಾಕೆಯ ಸಂಬಳ ಹೆಚ್ಚಿಸಲು ಹಣವಿರುವುದಿಲ್ಲ. ಆ ಮನೆಯವರು ಕ್ರೂರಿಗಳೇನಲ್ಲ. ಆಡಂಬರವು ಅವರ ಕೈಯನ್ನು ಕಟ್ಟಿಹಾಕಿದೆ.

ಪ್ರಿಯ ವಾಚಕರೇ, ಕರುಣೆಯ ಅಭ್ಯಾಸವನ್ನು ಸಣ್ಣ ಸುಖಗಳಿಂದಲೇ ಆರಂಭಿಸೋಣ. ನಾಳೆ ಮುಂಜಾನೆ ಮನೆಗೆಲಸದಾಕೆಗೂ ನಾವು ಕುಡಿಯುವಂಥ ಲೋಟದಲ್ಲೇ ಚಹಾ ಕೊಟ್ಟು, ಕುರ್ಚಿಯಲ್ಲಿ ಕುಳಿತು ಕುಡಿಯುವಂತೆ ಹೇಳೋಣ. ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.