ಕೋಡಂಗಿಗೂ ಒಂದು ರಂಗಸ್ಥಳ ಬೇಡವೇ?

ಕಲೋತ್ಸವದ ದಿನಗಳು ಹತ್ತಿರ ಬಂದವೆಂದರೆ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಚೆಂಡೆಯ ಸದ್ದು ಕೇಳತೊಡಗುತ್ತದೆ. ಉಪಜಿಲ್ಲೆ, ಜಿಲ್ಲೆ, ಆಮೇಲೆ ರಾಜ್ಯ... ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಎಂಬುದು ನಮಗೆಲ್ಲ ಹೆಮ್ಮೆಯೇ. ಆದರೆ ಅದು ಮುಗಿದ ಮರುವಾರ ಏನಾಗುತ್ತದೆ ಎಂಬುದನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ. ಗೆಜ್ಜೆ ಕಪಾಟು ಸೇರುತ್ತದೆ. ತಾಳ ತಪ್ಪಿದ ಹುಡುಗ, ಮಾತು ಮರೆತು ನಿಂತ ಹುಡುಗಿ ಮುಂದಿನ ವರ್ಷ ಹೆಸರು ಕೊಡುವುದಿಲ್ಲ. ಕೇಳಿದರೆ "ಅದು ನನ್ನಿಂದ ಆಗುವುದಲ್ಲ ಟೀಚರ್" ಎಂಬ ಉತ್ತರ.

ತಪ್ಪಿಗಿಂತ ಹೆಚ್ಚು ನೋಯಿಸುವುದು ಅಲಕ್ಷ್ಯ. ತಿಂಗಳುಗಟ್ಟಲೆ ಕಲಿತು ವೇಷ ಕಟ್ಟಿದ ಮಕ್ಕಳ ಎದುರು ಖಾಲಿ ಕುರ್ಚಿಗಳು. ಕುಳಿತವರಲ್ಲೂ ಕನ್ನಡದ ಅರ್ಥಗಾರಿಕೆ ತಿಳಿಯದವರು ಎಷ್ಟೋ ಮಂದಿ. ಮನೆಗೆ ಹೋದರೆ "ಕುಣಿದು ಏನು ಸಿಗುತ್ತದೆ, ಟ್ಯೂಷನ್ನಿಗೆ ಹೋಗು" ಎಂಬ ಮಾತು. ಇಷ್ಟಾದ ಮೇಲೂ ಮಗುವಿನಲ್ಲಿ ಉತ್ಸಾಹ ಉಳಿಯಬೇಕು ಎಂದು ನಾವು ಯಾವ ಬಾಯಲ್ಲಿ ಹೇಳುವುದು?

ಇದಕ್ಕೆ ಉತ್ತರ ನಮ್ಮ ಯಕ್ಷಗಾನದಲ್ಲೇ ಇದೆ. ರಾತ್ರಿಯಿಡೀ ನಡೆಯುತ್ತಿದ್ದ ಹಿಂದಿನ ಆಟಗಳಲ್ಲಿ ಪ್ರಸಂಗಕ್ಕೆ ಮೊದಲು ಪೂರ್ವರಂಗವಿರುತ್ತಿತ್ತು. ಹೊಸದಾಗಿ ಮೇಳ ಸೇರಿದ ಹುಡುಗ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಬೇಕಿತ್ತು. ಅವನು ಕುಣಿಯುವ ಹೊತ್ತಿಗೆ ಜನ ಇನ್ನೂ ಬರುತ್ತಿದ್ದರು, ಚಾಪೆ ಹಾಸುತ್ತಿದ್ದರು, ಕಡಲೆ ಕೊಳ್ಳುತ್ತಿದ್ದರು. ಅವನ ಕಡೆ ನೋಡುತ್ತಿದ್ದವರು ಕೆಲವರು ಮಾತ್ರ. ಆ ಅಲಕ್ಷ್ಯವೇ ಅವನಿಗೆ ರಕ್ಷೆ! ಹೆಜ್ಜೆ ತಪ್ಪಿದರೂ ಆಟ ಕೆಡುತ್ತಿರಲಿಲ್ಲ. ನಾಳೆ ರಾತ್ರಿ ಇನ್ನೊಂದು ಊರಲ್ಲಿ ಅದೇ ಹೆಜ್ಜೆಯನ್ನು ಸರಿ ಮಾಡಿಕೊಳ್ಳಬಹುದಿತ್ತು. ತಪ್ಪುವುದಕ್ಕೆಂದೇ ನಮ್ಮ ಹಿರಿಯರು ಒಂದು ಜಾಗ ಇಟ್ಟಿದ್ದರು ಎಂದರೂ ಸರಿಯೇ.

ಈಗ ಕಾಲಮಿತಿಯ ಆಟಗಳು ಬಂದ ಮೇಲೆ ಪೂರ್ವರಂಗ ಮೊಟಕಾಯಿತು. ಶಾಲೆಗಳಲ್ಲಂತೂ ಮಗುವಿನ ಮೊದಲ ವೇಷವೇ ಸ್ಪರ್ಧೆಯ ವೇಷ, ಮೊದಲ ಪ್ರೇಕ್ಷಕರೇ ತೀರ್ಪುಗಾರರು. ಕೋಡಂಗಿಯಾಗದೆ ನೇರವಾಗಿ ಅರ್ಜುನನಾದವನು ಒಮ್ಮೆ ಎಡವಿದರೆ ಮತ್ತೆ ಏಳುವುದು ಹೇಗೆ?

ರಂಗದ ಮೇಲಿನ ತಪ್ಪನ್ನು ಅನುಭವಿಗಳು ಹೇಗೆ ನೋಡುತ್ತಾರೆ ಎಂಬುದೂ ಒಂದು ಪಾಠ. ವೇಷಧಾರಿ ಮುಗ್ಗರಿಸಿದರೆ ಭಾಗವತರು ಅದೇ ಸಾಲನ್ನು ಇನ್ನೊಮ್ಮೆ ಎತ್ತಿಕೊಡುತ್ತಾರೆ. ಮಾತು ಮರೆತರೆ ಎದುರು ವೇಷದವರು ಒಂದು ಪ್ರಶ್ನೆ ಎಸೆದು ದಾರಿಗೆ ತರುತ್ತಾರೆ. ಬೈಗುಳವೇನಿದ್ದರೂ ಆಮೇಲೆ. ತಪ್ಪನ್ನು ಮುಚ್ಚಿಡಬೇಕು, ಹೊಗಳಬೇಕು ಎಂದು ನಾವು ಹೇಳುತ್ತಿಲ್ಲ. ತಾಳ ತಪ್ಪಿದರೆ ತಪ್ಪಿತೆಂದೇ ಹೇಳಬೇಕು. ಆದರೆ ಬಣ್ಣ ತೆಗೆಯುವ ಮೊದಲೇ ಚೌಕಿಯಲ್ಲಿ ನಿಲ್ಲಿಸಿ ಹೇಳಿದರೆ ಮಗುವಿಗೆ ಕೇಳಿಸುವುದು ಅವಮಾನ ಮಾತ್ರ. ಮರುದಿನ, ಗೆಜ್ಜೆ ಕಟ್ಟಿಸಿ, ಅದೇ ಹೆಜ್ಜೆ ಹಾಕಿಸುತ್ತಾ ಹೇಳಿದರೆ ಅದು ಪಾಠವಾಗುತ್ತದೆ.

ಅಲಕ್ಷ್ಯದ ಮಾತಿಗೆ ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನೆಯಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇದು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಅವರು 2015ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಆಸೆ ಕೈಗೂಡಲಿಲ್ಲ. ಆದರೂ ಪಾಠ ಹೇಳಿದರು, ಕೃಷಿ ಮಾಡಿದರು, ಕನ್ನಡದಲ್ಲೂ ತುಳುವಿನಲ್ಲೂ ಬರೆದರು. ಯಾರಾದರೂ ಕಿವಿಗೊಟ್ಟ ಮೇಲೆ ಬರೆಯೋಣ ಎಂದು ಅವರು ಕಾದು ಕುಳಿತಿದ್ದರೆ ನಮ್ಮ ಕೈಗೆ ಏನು ಉಳಿಯುತ್ತಿತ್ತು?

ಹಾಗಾದರೆ ನಾವು ಮಾಡಬಹುದಾದದ್ದೇನು? ಮೂರು ಸಣ್ಣ ಕೆಲಸಗಳು ಸಾಕು. ಒಂದು, ತಿಂಗಳಿಗೊಮ್ಮೆ ಶನಿವಾರ ಸಂಜೆ ತರಗತಿಯಲ್ಲೇ ಅರ್ಧ ಗಂಟೆಯ ತಾಳಮದ್ದಳೆ. ಅದಕ್ಕೆ ವೇಷ ಬೇಡ, ಖರ್ಚಿಲ್ಲ, ಗ್ರೇಡೂ ಇಲ್ಲ. ಎರಡು, ಕಲೋತ್ಸವ ಮುಗಿದ ಮೇಲೆ ಅದೇ ತಂಡದಿಂದ ಊರಿನವರ ಮುಂದೆ ಇನ್ನೊಂದು ಪ್ರದರ್ಶನ. ಮೊದಲ ಸಲ ತಪ್ಪಿದ ಮಗುವಿಗೆ ಅದೇ ಪಾತ್ರ ಸಿಗಲಿ. ಮೂರು, ರಕ್ಷಕರು ಬಂದು ಕುಳಿತುಕೊಳ್ಳಲಿ. ಮೊಬೈಲಿನಲ್ಲಿ ಚಿತ್ರ ತೆಗೆದು ಹೊರಟುಬಿಡದೆ ಮಂಗಳದವರೆಗೂ ಇರಲಿ.

ಕುಂಬಳೆಯ ಪಾರ್ತಿಸುಬ್ಬನ ಹೆಸರು ಹೇಳಿ ಹೆಮ್ಮೆಪಡುವ ನೆಲ ನಮ್ಮದು. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣ, ವಾಲಿಗಳನ್ನು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಹೆಮ್ಮೆ ಮುಂದಿನ ತಲೆಮಾರಿಗೂ ಇರಬೇಕಾದರೆ, ಬಹುಮಾನ ಬಂದ ಮಗುವಿಗಿಂತ ಬಾರದ ಮಗು ಮತ್ತೆ ಗೆಜ್ಜೆ ಕಟ್ಟುವುದು ಮುಖ್ಯ. ಮುಂದಿನ ಶನಿವಾರದಿಂದಲೇ ಶುರು ಮಾಡೋಣ, ಏನಂತೀರಿ?