ರಾಜಾಶ್ರಯಕ್ಕೆ ಮುನ್ನಿನ ಕ್ರೈಸ್ತ ಸಭೆ

ಧರ್ಮಗಳ ಪ್ರಸಾರವನ್ನು ಕುರಿತು ಬರೆಯುವಾಗ ರಾಜಾಶ್ರಯವನ್ನೇ ಮೊದಲ ಕಾರಣವಾಗಿ ಮುಂದಿಡುವುದು ಇತಿಹಾಸ ಲೇಖನದ ಹಳೆಯ ರೂಢಿ. ಆದಿಕಾಲದ ಕ್ರೈಸ್ತ ಸಭೆಯ ಬೆಳವಣಿಗೆಯನ್ನೂ ಹಲವರು ಕಾನ್‌ಸ್ಟಂಟೈನ್ ಚಕ್ರವರ್ತಿಯಿಂದಲೇ ವಿವರಿಸುತ್ತಾರೆ. ಇದು ಸಮಂಜಸವಲ್ಲ. ಕ್ರಿ.ಶ. 313ರಲ್ಲಿ ಆತನೂ ಲಿಸಿನಿಯಸನೂ ಕ್ರೈಸ್ತರಿಗೆ ಆರಾಧನಾ ಸ್ವಾತಂತ್ರ್ಯವನ್ನು ಮಾನ್ಯಮಾಡುವ ವೇಳೆಗೆ ಆ ಸಭೆ ಸುಮಾರು ಮೂರು ಶತಮಾನಗಳನ್ನು ಕಳೆದಿತ್ತು.

ಈ ಬೆಳವಣಿಗೆಗೆ ಮೊದಲ ಕಾರಣ ಅದರ ತೆರೆದ ಬಾಗಿಲು. ಯೇಸುವಿನ ಆಡುನುಡಿ ಅರಮಾಯಿಕ್. ಆದರೆ ಪೌಲನು ತನ್ನ ಪತ್ರಗಳನ್ನು ಬರೆದದ್ದು ಪೂರ್ವ ಮೆಡಿಟರೇನಿಯನ್ ನಗರಗಳ ವ್ಯವಹಾರಭಾಷೆಯಾಗಿದ್ದ ಕೊಯ್ನೆ ಗ್ರೀಕಿನಲ್ಲಿ. ಯೆಹೂದ್ಯೇತರರು ಸಭೆ ಸೇರಲು ಸುನ್ನತಿ ಅಗತ್ಯವಲ್ಲವೆಂದು ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಆದ ಒಪ್ಪಂದವೂ ಇದೇ ದಿಕ್ಕಿನದು.

ಎರಡನೆಯ ಕಾರಣ ಸಾಮಾನ್ಯರ ಬದುಕು. ಇದಕ್ಕೆ ಪ್ರಬಲ ಸಾಕ್ಷ್ಯ ವಿರೋಧಿಗಳ ಬರಹದಲ್ಲಿಯೇ ಇದೆ. ಕ್ರಿ.ಶ. 112ರ ಸುಮಾರಿಗೆ ಬಿಥೀನಿಯ-ಪೊಂಟಸ್ ಪ್ರಾಂತದ ಅಧಿಪತಿ ಪ್ಲಿನಿ, ಈ ಮತವು ನಗರಗಳಲ್ಲಷ್ಟೇ ಅಲ್ಲದೆ ಹಳ್ಳಿಗಳಲ್ಲಿಯೂ ಹಬ್ಬಿದೆಯೆಂದು ಚಕ್ರವರ್ತಿ ಟ್ರೇಜನನಿಗೆ ಬರೆದನು. ನಿಜವನ್ನು ಹೊರಡಿಸಲು ಅವನು ಚಿತ್ರಹಿಂಸೆಗೆ ಗುರಿಪಡಿಸಿದ್ದು ಸಭೆಯ ಸೇವಕಿಯರೆನಿಸಿದ್ದ ಇಬ್ಬರು ದಾಸಿಯರನ್ನು. ಅವರ ಹೆಸರು ಆ ಪತ್ರದಲ್ಲಿಲ್ಲ. ಕ್ರಿ.ಶ. 362ರ ಸುಮಾರಿಗೆ, ಹಳೆಯ ದೇವತಾರಾಧನೆಯನ್ನು ಪುನರುಜ್ಜೀವನಗೊಳಿಸಲು ಹೊರಟ ಚಕ್ರವರ್ತಿ ಜೂಲಿಯನ್, ಕ್ರೈಸ್ತರು ತಮ್ಮ ಬಡವರನ್ನಲ್ಲದೆ ಇತರರ ಬಡವರನ್ನೂ ಪೋಷಿಸುತ್ತಿದ್ದಾರೆಂದು ತನ್ನ ಅರ್ಚಕನೊಬ್ಬನಿಗೆ ಬರೆದು, ಹಾಗೆಯೇ ನಡೆಯಬೇಕೆಂದು ವಿಧಿಸಿದನು. ಹೊಗಳುವ ಉದ್ದೇಶವಿಲ್ಲದವರ ಇಂಥ ಮಾತಿಗೆ ಭಕ್ತರು ಬರೆದ ಚರಿತ್ರೆಗಿಂತ ಹೆಚ್ಚಿನ ಬೆಲೆಯುಂಟು.

ರಾಜಾಶ್ರಯ ನಿಷ್ಫಲವಾಯಿತೆಂದು ಇದರ ಅರ್ಥವಲ್ಲ. ಸಾಮ್ರಾಜ್ಯದ ಬಹುಸಂಖ್ಯಾತರು ಕ್ರೈಸ್ತರಾದದ್ದು ಆ ಬಳಿಕವೇ. ಆದರೆ ಅದರಿಂದ ಸಭೆಯ ಸ್ವರೂಪವೂ ಬದಲಾಯಿತು. ಕ್ರಿ.ಶ. 380ರಲ್ಲಿ ಥಿಯೊಡೋಸಿಯಸ್ ನಿಸಿಯ ಸಮ್ಮೇಳನದ ನಂಬಿಕೆಯನ್ನೇ ಪ್ರಜೆಗಳಿಗೆ ವಿಧಿಸಿದನು. ಮುಂದಿನ ದಶಕದಲ್ಲಿ ಹಳೆಯ ದೇವಾಲಯಗಳ ಬಲಿಪೂಜೆಗಳು ನಿಷಿದ್ಧವಾದವು. ಒಮ್ಮೆ ಆರಾಧನಾ ಸ್ವಾತಂತ್ರ್ಯವನ್ನು ಬೇಡಿದ ಸಮುದಾಯದ ಹೆಸರಿನಲ್ಲಿಯೇ ಇತರರ ಆರಾಧನೆಗೆ ತಡೆ ಬಿದ್ದಿತು.

ಈ ಎರಡು ಘಟ್ಟಗಳನ್ನು ಒಂದೇ ಯಶೋಗಾಥೆಯಾಗಿ ಹೆಣೆಯುವುದು ತಪ್ಪು. ಮೊದಲನೆಯದು ಒಲಿದು ಬಂದವರ ಚರಿತ್ರೆ. ಎರಡನೆಯದರಲ್ಲಿ ಶಾಸನದ ಬಲವೂ ಸೇರಿದೆ. ಯಾವ ಧರ್ಮದ ಪ್ರಸಾರವನ್ನು ಅಭ್ಯಸಿಸುವವರಿಗೂ ಈ ವಿವೇಚನೆ ಅವಶ್ಯಕ. ರಾಜಶಾಸನಗಳನ್ನು ಓದುವ ಮುನ್ನ ಸಂಶೋಧಕರು ಹೆಸರಿಲ್ಲದ ಆ ಇಬ್ಬರು ದಾಸಿಯರಂಥವರ ಸುಳಿವನ್ನು ಹುಡುಕಬೇಕು.