ಗಾಳಿ ತುಂಬಿದ ಟ್ಯೂಬ್ ಲೈಫ್ ಜಾಕೆಟ್ ಅಲ್ಲ

ಈದ್ ಮರುದಿನ ಮಾರಿಕಣಿವೆಗೆ ಹೊರಡುವ ಮತ್ತೋಡು, ಹೊಸದುರ್ಗದ ಕುಟುಂಬಗಳಿಗೆ ಒಂದು ಮಾತು. ಬಿರಿಯಾನಿ ಡಬ್ಬಿ, ಚಾಪೆಗಳ ಜೊತೆ ಲಾರಿ ಟ್ಯೂಬನ್ನೂ ಗಾಡಿಯ ಮೇಲೆ ಕಟ್ಟಿದ್ದರೆ ದಯವಿಟ್ಟು ಬಿಚ್ಚಿ ಮನೆಯಲ್ಲೇ ಇಡಿ. ಮಕ್ಕಳಿಗೆಂದು ಕೊಂಡ ಗಾಳಿ ದೋಣಿಯನ್ನೂ ಇಡಿ.

"ಟ್ಯೂಬ್ ಇದೆಯಲ್ಲ, ಮುಳುಗುವುದಿಲ್ಲ" ಎನ್ನುತ್ತೀರಿ. ಟ್ಯೂಬ್ ಮುಳುಗುವುದಿಲ್ಲ, ನಿಜ. ಮುಳುಗುವುದು ಅದರ ಮೇಲಿದ್ದವರು. ಚಿಕ್ಕ ಮಗು ನಡುವಿನ ತೂತಿನಿಂದ ಸದ್ದಿಲ್ಲದೆ ಜಾರಿಬಿಡುತ್ತದೆ. ದೊಡ್ಡವರು ಒಂದು ಬದಿಗೆ ವಾಲಿದರೆ ಟ್ಯೂಬ್ ಮಗುಚಿ, ಕಾಲು ಅದರಲ್ಲೇ ಸಿಕ್ಕಿಕೊಂಡು ತಲೆ ನೀರೊಳಗಾಗುತ್ತದೆ. ಬಿಸಿಲಿಗೆ ಕಾದ ಕಪ್ಪು ರಬ್ಬರ್ ಚರ್ಮ ಸುಡುತ್ತದೆ, ವಾಲ್ವಿನ ಲೋಹದ ಕಡ್ಡಿ ತೊಡೆ, ಹೊಟ್ಟೆಯನ್ನು ಗೀರುತ್ತದೆ. ಇವು ಸಣ್ಣ ಗಾಯಗಳು.

ದೊಡ್ಡ ಅಪಾಯ ಗಾಳಿಯದು. ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿರುವ ಜಿಲ್ಲೆ ನಮ್ಮದು, ಇಲ್ಲಿ ಗಾಳಿಗೆ ಬರವಿಲ್ಲ. ಹಗುರವಾದ ಟ್ಯೂಬನ್ನು ಅದು ಈಜುವವನಿಗಿಂತ ವೇಗವಾಗಿ ತಳ್ಳಿಕೊಂಡು ಹೋಗುತ್ತದೆ. ಕೈತಪ್ಪಿದ ಟ್ಯೂಬಿನ ಬೆನ್ನುಹತ್ತಿ ಹೋದ ಹುಡುಗ ನಡುನೀರಿನಲ್ಲಿ ಸುಸ್ತಾಗಿ ಸೋಲುತ್ತಾನೆ. ಟ್ಯೂಬ್ ಹೋದರೆ ಹೋಗಲಿ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ.

ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತು. ಹಿನ್ನೀರು ಹೊಸದುರ್ಗ ತಾಲ್ಲೂಕಿನ ತೋಟ, ಹೊಲಗಳನ್ನು ನುಂಗಿತು. ಹಿನ್ನೀರಿನ ಅಂಚಿನಲ್ಲಿ ನೀರಿನಡಿ ತಂತಿ ಬೇಲಿ, ಜಾಲಿ ಮುಳ್ಳು, ಮರದ ಮೋಟು, ಹಳೆಯ ಬಾವಿ ಏನು ಬೇಕಾದರೂ ಇರಬಹುದು. ಟ್ಯೂಬ್ ಪಂಕ್ಚರ್ ಆಗಲು, ಹಾರಿದವನ ತಲೆ ಒಡೆಯಲು ಅಷ್ಟು ಸಾಕು.

ಹಣ ಕೊಟ್ಟು ಹೋಗುವ ರಾಫ್ಟಿಂಗ್ ಎಲ್ಲ ಸುರಕ್ಷಿತ ಎಂದುಕೊಳ್ಳಬೇಡಿ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಬಳಿ ಕಾಳಿ ನದಿಯಲ್ಲಿ ಮಿತಿಮೀರಿ ಜನ ಹತ್ತಿಸಿಕೊಂಡ ರಾಫ್ಟ್ ಸೆಳೆತಕ್ಕೆ ಸಿಕ್ಕಿತ್ತು. ಅದರಲ್ಲಿ ಮಕ್ಕಳೂ ಇದ್ದರು. ಬೇರೆಯವರು ನೆರವಿಗೆ ಬಂದದ್ದರಿಂದ ಜೀವ ಉಳಿಯಿತು. ರಾಫ್ಟ್‌ನಲ್ಲಿ ಪಕ್ಕದವರ ಹುಟ್ಟಿನ ಹಿಡಿ ಬಡಿದು ಹಲ್ಲು ಮುರಿಯುವುದು, ಭುಜ ಕಳಚುವುದು ಹೊಸದಲ್ಲ. ಹೆಲ್ಮೆಟ್ ಕೊಡದಿದ್ದರೆ ಹತ್ತಬೇಡಿ. ಹರಿಯುವ ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ, ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ನಿಮ್ಮನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ಅಂಗಾತ ತೇಲುತ್ತಾ, ಕಾಲನ್ನು ಹರಿವಿನ ಕಡೆಗೆ ಚಾಚಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮಲ್ಲೊಂದು ಸಂಕೋಚವಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಬುರ್ಖಾದ ಮೇಲೆ ಲೈಫ್ ಜಾಕೆಟ್ ಹಾಕಿ ಪಟ್ಟಿಗಳನ್ನು ಬಿಗಿದರೆ ಪರ್ದಾಕ್ಕೆ ಯಾವ ಕುಂದೂ ಇಲ್ಲ. ಒದ್ದೆಯಾದ ನಿಖಾಬ್ ಮೂಗು, ಬಾಯಿಗೆ ಅಂಟಿ ಉಸಿರು ಕಟ್ಟಿಸುತ್ತದೆ, ದೋಣಿಯಲ್ಲಿ ಅದನ್ನು ಸರಿಸಿಕೊಳ್ಳಿ. ಹತ್ತುವ ಮೊದಲು ಮಗುವಿನ ಜಾಕೆಟ್ಟನ್ನು ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಗಲ್ಲ, ಕಿವಿಯವರೆಗೆ ಏರಿದರೆ ಅಳತೆ ದೊಡ್ಡದು, ಬೇರೆ ಕೇಳಿ. ಬೇರೆ ಇಲ್ಲವೆಂದರೆ ಇಳಿದು ಬನ್ನಿ, ಟಿಕೆಟ್ ಹಣ ಹೋಗಲಿ.

2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು. ಹೆಚ್ಚಿನವರು ಮಕ್ಕಳು, ಒಂದೇ ಮನೆತನದ ಹಲವರು. ಅದು ಗಾಳಿ ದೋಣಿಯಲ್ಲ, ಆದರೆ ಮಿತಿಮೀರಿದ ಜನ, ಮೈಮೇಲಿಲ್ಲದ ಲೈಫ್ ಜಾಕೆಟ್, ಕತೆ ಅದೇ. ನೀರಿನಲ್ಲಿ ಮುಳುಗಿ ಸತ್ತವರಿಗೆ ಶಹೀದರ ಸ್ಥಾನವೆಂದು ನಾವು ಸಮಾಧಾನ ಹೇಳುತ್ತೇವೆ. ಮಗುವನ್ನು ಕಳೆದುಕೊಂಡ ತಾಯಿಗೆ ಆ ಮಾತು ದೊಡ್ಡ ಆಸರೆ. ಜಾಕೆಟ್ ಇಲ್ಲದೆ ಮಗುವನ್ನು ಹತ್ತಿಸಿದ ದೊಡ್ಡವರು ಆ ಮಾತಿನ ಹಿಂದೆ ಅಡಗಬಾರದು. ಮೊದಲು ಒಂಟೆ ಕಟ್ಟು, ಆಮೇಲೆ ತವಕ್ಕುಲ್ ಎಂಬ ಪಾಠ ನಮ್ಮ ಮದ್ರಸಾದ ಮಕ್ಕಳಿಗೂ ಗೊತ್ತು.

ಇಷ್ಟಾಗಿಯೂ ಯಾರಾದರೂ ಮುಳುಗಿದರೆ ಈಜು ಬಾರದವರು ನೀರಿಗೆ ಹಾರಬೇಡಿ. ಹಗ್ಗ, ದುಪಟ್ಟಾ, ಖಾಲಿ ಕ್ಯಾನ್ ಎಸೆಯಿರಿ. ಮೇಲೆ ತಂದವರನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಂತರ ಎದೆಯ ನಡುವೆ 30 ಬಾರಿ ಒತ್ತಿ, ಎರಡು ಉಸಿರು, ಮತ್ತೆ 30. ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಲಿ. 2022ರಲ್ಲಿ ಬಳ್ಳಾರಿಯ ಸಿರವಾರದಲ್ಲಿ, ವಾಟ್ಸಾಪ್ ಸಂದೇಶ ನಂಬಿ, ಮುಳುಗಿ ಸತ್ತ ಬಾಲಕನನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಇಟ್ಟಿದ್ದರು. ಉಪ್ಪು ಯಾರ ಉಸಿರನ್ನೂ ತರುವುದಿಲ್ಲ. ನೀರು ಕುಡಿದು ಎದ್ದ ಮಗು ನಗುತ್ತಿದ್ದರೂ ಅಂದೇ ಆಸ್ಪತ್ರೆಗೆ ತೋರಿಸಿ, ಕೆಮ್ಮು, ಏದುಸಿರು ಕೆಲವು ಗಂಟೆಗಳ ನಂತರವೂ ಶುರುವಾಗಬಹುದು.